ನಿವೃತ್ತಿಯಾದ ಮೇಲೆ ದೇವರ ಉದ್ದೇಶವೂ ಮುಗಿಯುತ್ತದಾ?

ಪ್ರಶ್ನೆ: ನಾನು ಉಡುಪಿ ಕಡೆಯವಳು. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ, ಮೂರು ವರ್ಷದ ಹಿಂದೆ ನಿವೃತ್ತಳಾದೆ. ಯಜಮಾನರು ತೀರಿಕೊಂಡಿದ್ದಾರೆ. ಮಂಡಿನೋವಿನಿಂದಾಗಿ ಈಗ ಸಂಡೇ ಸ್ಕೂಲ್ ಪಾಠಕ್ಕೂ ಹೋಗಲು ಆಗುತ್ತಿಲ್ಲ. ನಮ್ಮ ಮಹಿಳಾ ಕೂಟದಲ್ಲಿ "ದೇವರು ಪ್ರತಿಯೊಬ್ಬರಿಗೂ ಒಂದು ಯೋಜನೆ ಇಟ್ಟಿದ್ದಾನೆ, ನಿಮ್ಮದು ಯಾವುದು ಅಂತ ಕಂಡುಕೊಳ್ಳಿ" ಎನ್ನುತ್ತಾರೆ. ನನಗೆ ಇವತ್ತಿಗೂ ಕಂಡಿಲ್ಲ. ನಾನು ಅದನ್ನು ತಪ್ಪಿಸಿಕೊಂಡೆನಾ? ಅಥವಾ ಮುಗಿದುಹೋಯಿತಾ? ಇನ್ನೊಂದು ವಿಷಯ. ಪಿಯುಸಿ ಓದುವ ಮೊಮ್ಮಗ "ಭೂಮಿಯನ್ನು ವಶಮಾಡಿಕೊಳ್ಳಿ ಅಂತ ಬೈಬಲ್ಲೇ ಹೇಳುತ್ತೆ, ಕಾಡೆಲ್ಲ ಹಾಳಾಗಿದ್ದು ಇದರಿಂದಲೇ" ಎಂದು ವಾದ ಮಾಡುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಟೀಚರ್, ನಿಮ್ಮ ಕೂಟದಲ್ಲಿ ಯೋಜನೆಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಯೆರೆಮೀಯ 29:11 ಓದಿಯೇ ಇರುತ್ತಾರೆ. ನಿಮ್ಮ ವಿಷಯವಾಗಿ ನನಗಿರುವ ಆಲೋಚನೆಗಳನ್ನು ನಾನೇ ಬಲ್ಲೆ, ಅವು ಹಿತದ ಆಲೋಚನೆಗಳು ಎಂದು ದೇವರು ಹೇಳುವ ವಚನ. ನಮ್ಮವರ ಮನೆಯ ಕ್ಯಾಲೆಂಡರಿನಲ್ಲಿ, ಮದುವೆ ಕಾರ್ಡಿನಲ್ಲಿ, ಈಗೀಗ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅದು ಕಾಣದ ವಾರವಿಲ್ಲ. ಆದರೆ ಕ್ಯಾಲೆಂಡರಿನಲ್ಲಿ ಹನ್ನೊಂದನೇ ವಚನ ಮಾತ್ರ ಇರುತ್ತದೆ. ಅದೇ ಅಧ್ಯಾಯದ ಐದು, ಆರು, ಏಳನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಆ ಅಧ್ಯಾಯ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ರಾಜನನ್ನು, ಅಧಿಕಾರಿಗಳನ್ನು, ಬಡಗಿ ಕಮ್ಮಾರರನ್ನೆಲ್ಲ ಸೆರೆಹಿಡಿದು ಒಯ್ದ. ಊರಲ್ಲೇ ಉಳಿದ ಪ್ರವಾದಿ ಯೆರೆಮೀಯ ಆ ಸೆರೆಯವರಿಗೆ ಪತ್ರ ಬರೆದ. ಅವರೋ ಇವತ್ತು ನಾಳೆ ವಾಪಸ್ ಹೋಗುತ್ತೇವೆ ಅಂತ ಗಂಟುಮೂಟೆ ಬಿಚ್ಚದೆ ಕೂತವರ ಹಾಗಿದ್ದರು. ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಯೆರೂಸಲೇಮಿನಲ್ಲಿ ನಿಂತು ಎರಡೇ ವರ್ಷ ಸಾಕು ಅಂತ ಭರವಸೆಯನ್ನೂ ಕೊಟ್ಟಿದ್ದ. ಯೆರೆಮೀಯ ಬರೆದದ್ದು 70 ವರ್ಷ ಅಂತ. ಎಂದರೆ ಪತ್ರ ಓದಿದ ಹಿರಿಯರಲ್ಲಿ ಹೆಚ್ಚಿನವರು ಅಲ್ಲೇ ಸಾಯುವವರು. ಅಂಥವರಿಗೆ ದೇವರು ಹೇಳಿದ್ದೇನು? ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಹಿಡಿದು ತಂದ ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ. ಇಷ್ಟು ಹೇಳಿದ ಮೇಲೆ ಬರುತ್ತದೆ ಹನ್ನೊಂದನೇ ವಚನ.

ಆ ವಚನದ "ನಿಮ್ಮ" ಎನ್ನುವುದು ಒಬ್ಬರ ಬೆನ್ನು ತಟ್ಟಿ ಹೇಳಿದ ಮಾತಲ್ಲ. ಒಂದು ಇಡೀ ಜನಾಂಗಕ್ಕೆ, ಎರಡು ಮೂರು ತಲೆಮಾರಿಗೆ ಹೇಳಿದ್ದು. ಅದರ ಪಾಲು ನಿಮಗೂ ಇದೆ, ಇಲ್ಲ ಎನ್ನುತ್ತಿಲ್ಲ. ಆದರೆ "ನಿನ್ನ ಯೋಜನೆಯನ್ನು ನೀನು ಹುಡುಕು, ಸಿಗದಿದ್ದರೆ ಬದುಕು ದಂಡ" ಎನ್ನುವ ಅರ್ಥ ಆ ಪತ್ರದಲ್ಲಿ ಎಲ್ಲೂ ಇಲ್ಲ. ಯೋಜನೆ ದೇವರಿಗೆ ಗೊತ್ತು, ಅಷ್ಟು ಸಾಕು. ಜನರ ಕೈಗೆ ಬಂದದ್ದು ತೋಟ, ಮನೆ, ನೆರೆಕರೆ. ಈ ಹುಡುಕಾಟದ ಬೋಧನೆ ಎಷ್ಟೋ ಒಳ್ಳೆಯ ಭಕ್ತರಿಗೆ ಸುಮ್ನೆ ತಲೆನೋವು ತಂದಿದೆ ಅಂತ ನನ್ನ ಅಭಿಪ್ರಾಯ. ತಪ್ಪಿಸಿಕೊಂಡೆನಾ ಎಂಬ ನಿಮ್ಮ ಭಯಕ್ಕೆ ಆ ಪತ್ರದಲ್ಲಿ ಆಧಾರವಿಲ್ಲ.

ಹಾಗಾದರೆ ಮನುಷ್ಯರಿಗೆ ದೇವರು ಕೊಟ್ಟ ಉದ್ದೇಶ ಏನು? ಅದು ಮರೆಯಲ್ಲಿಲ್ಲ, ಬೈಬಲಿನ ಮೊದಲ ಎರಡು ಪುಟದಲ್ಲೇ ಇದೆ. ಆದಿಕಾಂಡ 1ರಲ್ಲಿ ದೇವರು ಮನುಷ್ಯರನ್ನು, ಗಂಡು ಹೆಣ್ಣು ಇಬ್ಬರನ್ನೂ, ತನ್ನ ಸ್ವರೂಪದಲ್ಲಿ ಉಂಟುಮಾಡುತ್ತಾನೆ. 2ರಲ್ಲಿ ತಾನೇ ಒಂದು ತೋಟ ಮಾಡಿ, ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಮನುಷ್ಯನನ್ನು ಅಲ್ಲಿ ಇರಿಸುತ್ತಾನೆ. ಸಂಡೇ ಸ್ಕೂಲಿನಲ್ಲಿ ನೀವೇ ಹೇಳಿಕೊಟ್ಟ ಪಾಠ ಇದು. ಆದರೆ ಇದು ಎಷ್ಟು ದೊಡ್ಡ ಮಾತು ಅಂತ ತಿಳಿಯಬೇಕಾದರೆ ಪಕ್ಕದ ಮನೆಯ ಕಥೆಯನ್ನೂ ಕೇಳಬೇಕು.

ಬಾಬೆಲಿನ ಸೀಮೆಯಲ್ಲಿ ಅತ್ರಹಾಸಿಸ್ ಎಂಬ ಹಳೆಯ ಕಥೆಯೊಂದಿತ್ತು, ಮಣ್ಣಿನ ಹಲಗೆಗಳ ಮೇಲೆ ಬರೆದದ್ದು ನಮಗೆ ಸಿಕ್ಕಿದೆ. ಅದರಲ್ಲಿ ಮನುಷ್ಯರಿಗಿಂತ ಮೊದಲು ಚಿಕ್ಕ ದೇವರುಗಳು ನದಿ ಕಾಲುವೆ ತೋಡುವ ಕೆಲಸ ಮಾಡುತ್ತಿದ್ದರು. ಸಾಕಾಗಿಹೋಗಿ ಗುದ್ದಲಿ ಬುಟ್ಟಿಗಳಿಗೆ ಬೆಂಕಿ ಇಟ್ಟು, ರಾತ್ರೋರಾತ್ರಿ ದೊಡ್ಡ ದೇವರ ಮನೆಗೆ ಮುತ್ತಿಗೆ ಹಾಕಿದರು. ಮುಷ್ಕರವೇ ಅನ್ನಿ. ಅದಕ್ಕೆ ಪರಿಹಾರವಾಗಿ ಮನುಷ್ಯನ ಸೃಷ್ಟಿಯಾಯಿತು, ದೇವರುಗಳ ಬದಲು ಅವನು ಮಣ್ಣು ಹೊರಲಿ ಅಂತ. ಆ ಲೋಕದಲ್ಲಿ ದೇವರ ಪ್ರತಿರೂಪ ಎನ್ನುವ ಬಿರುದು ರಾಜನಿಗೆ ಸಲ್ಲುತ್ತಿತ್ತು. ಉಳಿದವರು ಆಳುಗಳು.

ಈಗ ಆದಿಕಾಂಡ ತೆಗೆಯಿರಿ. ಇಲ್ಲಿ ದೇವರಿಗೆ ಆಳು ಬೇಕಾಗಿಲ್ಲ. ತೋಟ ಅವನೇ ಮಾಡುತ್ತಾನೆ. ಮನುಷ್ಯ ದೇವರಿಗೆ ಊಟ ಬಡಿಸುವ ಬದಲು ದೇವರೇ ಮನುಷ್ಯನಿಗೆ ಧಾನ್ಯ, ಹಣ್ಣು ಕೊಡುತ್ತಾನೆ. ರಾಜನ ಬಿರುದು ಎಲ್ಲರಿಗೂ ಸಿಗುತ್ತದೆ. ಒಬ್ಬ ಹಸುಗೂಸಿಗೂ ಸಿಗುತ್ತದೆ, ಹಾಸಿಗೆ ಹಿಡಿದ ಅಜ್ಜಿಗೂ ಸಿಗುತ್ತದೆ. ಕೆಲಸ ಮಾಡಿ ಗಳಿಸಿದ ಬಿರುದಲ್ಲವಾದ್ದರಿಂದ ಕೆಲಸ ನಿಂತಾಗ ಕಳೆದುಹೋಗುವುದೂ ಇಲ್ಲ.

ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದವರು ದೊಡ್ಡ ದೊಡ್ಡ ತೀರ್ಮಾನಕ್ಕೆ ಬಂದಿದ್ದಾರೆ. ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿ ದೇಶದ ಭಾಗದಲ್ಲಿದ್ದ ನಿಸ್ಸದ ಗ್ರೆಗೊರಿ ಎಂಬ ಬಿಷಪರು ಗುಲಾಮರನ್ನು ಕೊಳ್ಳುವವರಿಗೆ ಪ್ರಸಂಗದಲ್ಲೇ ನೇರವಾಗಿ ಕೇಳಿದರು, ದೇವರ ಸ್ವರೂಪಕ್ಕೆ ನೀನು ಎಷ್ಟು ದುಡ್ಡು ಕೊಟ್ಟೆ ಅಂತ. ಆ ಕಾಲದಲ್ಲಿ ಹಾಗೆ ಕೇಳಿದವರು ಇಲ್ಲವೆಂಬಷ್ಟು ಕಮ್ಮಿ. ಆದರೆ ಅದೇ ಬೈಬಲ್ ಓದುತ್ತಾ ಕ್ರೈಸ್ತರು ನೂರಾರು ವರ್ಷ ಗುಲಾಮರನ್ನು ಇಟ್ಟುಕೊಂಡಿದ್ದರು ಎನ್ನುವುದೂ ಇತಿಹಾಸವೇ. ನಮ್ಮ ದೇಶದ ಎಷ್ಟೋ ಸಭೆಗಳಲ್ಲಿ ಜಾತಿ ಇವತ್ತಿಗೂ ಸ್ಮಶಾನದವರೆಗೆ ಬರುತ್ತದೆ. ಮನುಷ್ಯನ ಉದ್ದೇಶದ ಬಗ್ಗೆ ಪ್ರಸಂಗ ಮಾಡುವವರು ಮೊದಲು ಅಲ್ಲಿ ಸ್ವಲ್ಪ ನಿಂತು ಹೋಗಬೇಕು ಎಂದು ನನಗನಿಸುತ್ತದೆ.

ಕೆಲಸದ ವಿಷಯಕ್ಕೆ ಬಂದೆ, ಇನ್ನೊಂದನ್ನು ಗಮನಿಸಿ. ಮನುಷ್ಯನ ಸೃಷ್ಟಿ ಆರನೇ ದಿನ. ಏಳನೇ ದಿನ ಸಬ್ಬತ್. ಅಂದರೆ ಆದಾಮ ಹವ್ವರು ನೋಡಿದ ಮೊದಲ ಪೂರ್ತಿ ದಿನ ರಜಾದಿನ! ಇನ್ನೂ ಒಂದು ಗಿಡಕ್ಕೂ ನೀರು ಹಾಕಿರದವರು ದೇವರ ವಿಶ್ರಾಂತಿಯಲ್ಲಿ ಕೂತಿದ್ದಾರೆ. ಮುಂದೆ ಇಸ್ರಾಯೇಲ್ಯರು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿ ಇಟ್ಟಿಗೆ ಮಾಡಿದರು. ಅಲ್ಲಿಯ ಅರಸ ಫರೋಹನ ಲೆಕ್ಕದಲ್ಲಿ ಒಬ್ಬ ಮನುಷ್ಯನ ಬೆಲೆ ದಿನಕ್ಕೆ ಇಷ್ಟು ಇಟ್ಟಿಗೆ. ಇಟ್ಟಿಗೆಯ ಮಣ್ಣಿಗೆ ಬೆರೆಸುವ ಹುಲ್ಲು ಕೊಡುವುದನ್ನು ನಿಲ್ಲಿಸಿದರೂ ಇಟ್ಟಿಗೆಯ ಲೆಕ್ಕ ಇಳಿಸಲಿಲ್ಲ. ಅಲ್ಲಿಂದ ಬಿಡಿಸಿಕೊಂಡು ಬಂದ ಮೇಲೆ ದೇವರು ಸಬ್ಬತ್ತಿನ ಕಟ್ಟಳೆ ಕೊಟ್ಟಾಗ ಧರ್ಮೋಪದೇಶಕಾಂಡ 5ರಲ್ಲಿ ಹೇಳುವ ಕಾರಣ ಇದೇ, ನೀವು ದಾಸರಾಗಿದ್ದಿರಿ ಎನ್ನುವುದನ್ನು ನೆನಪಿಡಿ ಅಂತ. ಮನೆಯ ಆಳಿಗೆ, ಎತ್ತಿಗೆ, ಕತ್ತೆಗೆ ಕೂಡ ಆ ದಿನ ವಿಶ್ರಾಂತಿ.

ನಿವೃತ್ತರಾದ ಟೀಚರುಗಳು ಬಹಳ ಸಲ ಫರೋಹನ ಲೆಕ್ಕವನ್ನೇ ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ. ಇವತ್ತು ಎಷ್ಟು ಇಟ್ಟಿಗೆ ಮಾಡಿದೆ? ಒಂದೂ ಇಲ್ಲ, ಹಾಗಾದರೆ ನಾನು ದಂಡ. ಈ ಲೆಕ್ಕ ಕ್ರೈಸ್ತರದ್ದಲ್ಲ.

ಇನ್ನು ಮೊಮ್ಮಗನ ವಿಷಯ. ಹುಡುಗ ಸುಮ್ಮನೆ ವಾದಕ್ಕೆ ವಾದ ಮಾಡುತ್ತಿಲ್ಲ. ಅವನ ಆರೋಪಕ್ಕೆ ವಯಸ್ಸಾಗಿದೆ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಹೆಚ್ಚುಕಡಿಮೆ ಇದನ್ನೇ ಬರೆದರು, ಪರಿಸರದ ಇವತ್ತಿನ ಸಂಕಟದಲ್ಲಿ ಪಶ್ಚಿಮದ ಕ್ರೈಸ್ತ ಮನೋಭಾವಕ್ಕೆ ದೊಡ್ಡ ಪಾಲಿದೆ ಅಂತ. ಸ್ವತಃ ಕ್ರೈಸ್ತರೇ ಆಗಿದ್ದ ಅವರು ಅಸ್ಸೀಸಿಯ ಸಂತ ಫ್ರಾನ್ಸಿಸರ ದಾರಿ ಹಿಡಿಯೋಣ ಎಂದು ಲೇಖನ ಮುಗಿಸಿದರು. ಅದೇ ಫ್ರಾನ್ಸಿಸರ ಹೆಸರು ಇಟ್ಟುಕೊಂಡ ಪೋಪರು 2015ರಲ್ಲಿ ಭೂಮಿಯ ಕಾಳಜಿಯ ಬಗ್ಗೆ ಬರೆದ ಪತ್ರದಲ್ಲಿ, ಕ್ರೈಸ್ತರು ಕೆಲವು ಸಲ ಧರ್ಮಗ್ರಂಥವನ್ನು ತಪ್ಪಾಗಿ ಅರ್ಥಮಾಡಿದ್ದಾರೆ ಎಂದು ಒಪ್ಪಿಕೊಂಡರು. ಹಾಗಾಗಿ ಮೊಮ್ಮಗನಿಗೆ ಮೊದಲು "ನೀನು ಹೇಳೋದರಲ್ಲಿ ಸತ್ಯ ಇದೆ ಮಗಾ" ಅನ್ನಿ. ಆಮೇಲೆ ಬೈಬಲ್ ತೆಗೆದು ಅವನ ಕೈಯಲ್ಲೇ ಓದಿಸಿ.

"ವಶಮಾಡಿಕೊಳ್ಳಿರಿ, ದೊರೆತನಮಾಡಿರಿ" ಅಂತ ಆದಿಕಾಂಡ 1:28ರಲ್ಲಿ ಇರುವುದು ನಿಜ. ಆದರೆ ಸಂತಾನ ಹೆಚ್ಚಲಿ ಎಂಬ ಆಶೀರ್ವಾದ ಮನುಷ್ಯನಿಗಿಂತ ಮೊದಲು, ಐದನೇ ದಿನವೇ, ಮೀನು ಹಕ್ಕಿಗಳಿಗೆ ಸಿಕ್ಕಿದೆ. ಮನುಷ್ಯನಿಗೆ ಬೇರೆ ದಿನವೂ ಸಿಗಲಿಲ್ಲ, ದನಕರು ಕಾಡುಮೃಗಗಳ ಜೊತೆ ಆರನೇ ದಿನವನ್ನೇ ಹಂಚಿಕೊಂಡ. 28ರ ಮುಂದಿನ ವಚನದಲ್ಲೇ ದೇವರು ಅವನ ಊಟಕ್ಕೆ ಕೊಡುವುದು ಪೈರು ಮತ್ತು ಹಣ್ಣು. ಮಾಂಸಕ್ಕೆ ಅನುಮತಿ ಬರುವುದು ನೋಹನ ಪ್ರಳಯದ ನಂತರ, ಒಂಬತ್ತನೇ ಅಧ್ಯಾಯದಲ್ಲಿ. ಪ್ರಜೆಗಳನ್ನು ತಿನ್ನಲೂ ಬಾರದ ದೊರೆತನ ಎಂಥದ್ದು ಅಂತ ಹುಡುಗನನ್ನೇ ಕೇಳಿ.

ದೊರೆ ಹೇಗಿರಬೇಕು ಅಂತ ತಿಳಿಯಲು ಕೀರ್ತನೆ 72 ಓದಿ. ಅದು ಅರಸನಿಗಾಗಿ ಮಾಡಿದ ಪ್ರಾರ್ಥನೆ. ಬಡವನ ಮೊರೆ ಕೇಳುವವನು, ದಿಕ್ಕಿಲ್ಲದವನನ್ನು ಕಾಪಾಡುವವನು, ಹುಲ್ಲು ಕೊಯ್ದ ಬಯಲಿನ ಮೇಲೆ ಬೀಳುವ ಮಳೆಯಂಥವನು ಅಲ್ಲಿಯ ಅರಸ. ಜಮೀನು ಯಾರದ್ದು ಎನ್ನುವ ಪ್ರಶ್ನೆಗೆ ಯಾಜಕಕಾಂಡ 25 ಸೀದಾ ಉತ್ತರ ಕೊಡುತ್ತದೆ. ಭೂಮಿ ನನ್ನದು, ನೀವು ಪರದೇಶಿಗಳೂ ಒಕ್ಕಲುಗಳೂ ಅಂತ ದೇವರು ಹೇಳುತ್ತಾನೆ. ನಿಮ್ಮ ಜಿಲ್ಲೆಯಲ್ಲಿ ಭೂಸುಧಾರಣೆಗೆ ಮುಂಚಿನ ಗೇಣಿಯ ಕಾಲ ಕಂಡವರಿಗೆ ಒಕ್ಕಲು ಎಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಏಳು ವರ್ಷಕ್ಕೊಮ್ಮೆ ಭೂಮಿಗೂ ಸಬ್ಬತ್ ಕೊಡಬೇಕು, ಆ ವರ್ಷ ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ, ಮಿಕ್ಕದ್ದನ್ನು ಕಾಡುಮೃಗ ತಿನ್ನಲಿ ಎನ್ನುತ್ತದೆ ವಿಮೋಚನಕಾಂಡ 23. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಕ್ಕೆ ಕೊಡಲಿ ಹಾಕಬೇಡಿ ಎನ್ನುತ್ತದೆ ಧರ್ಮೋಪದೇಶಕಾಂಡ 20. ಯುದ್ಧದಲ್ಲೂ ಬೇಡ ಎಂದ ಮೇಲೆ ರೆಸಾರ್ಟಿಗೆ ಕಡಿಯಬಹುದಾ?

ನನಗೆ ಎಲ್ಲಕ್ಕಿಂತ ಇಷ್ಟ ಕೀರ್ತನೆ 104. ಅದರಲ್ಲೊಂದು ಕಡೆ ರಾತ್ರಿಯಾಗುತ್ತದೆ, ಪ್ರಾಯದ ಸಿಂಹಗಳು ಬೇಟೆಗೆ ಹೊರಡುತ್ತವೆ, ಗರ್ಜಿಸಿ ದೇವರ ಹತ್ತಿರ ಆಹಾರ ಕೇಳುತ್ತವೆ. ಸೂರ್ಯ ಹುಟ್ಟುತ್ತಲೇ ಗುಹೆಗೆ ಹಿಂತಿರುಗಿ ಮಲಗುತ್ತವೆ. ಆಗ ಮನುಷ್ಯ ಎದ್ದು ಕೆಲಸಕ್ಕೆ ಹೋಗುತ್ತಾನೆ, ಸಂಜೆವರೆಗೆ ದುಡಿಯುತ್ತಾನೆ. ಒಂದೇ ಹೊಲ, ಎರಡು ಪಾಳಿ. ಕವಿಗೆ ಸಿಂಹದ ಮೇಲೆ ದೂರಿಲ್ಲ, ಅದಕ್ಕೂ ಅದರ ಹೊತ್ತು ಇದೆ. ಪಶ್ಚಿಮಘಟ್ಟದ ಅಂಚಿನ ತೋಟದವರು ಆನೆ, ಚಿರತೆ ಜೊತೆ ದಿನಾ ಪಾಡು ಪಡುತ್ತಾರೆ, ಅವರ ಕಷ್ಟ ಈ ಕವಿತೆಯಿಂದ ತೀರುವುದಿಲ್ಲ. ಆದರೆ ಆ ಪ್ರಾಣಿಗೆ ಇಲ್ಲಿರಲು ಹಕ್ಕಿದೆಯಾ ಎಂಬ ಪ್ರಶ್ನೆಗೆ ಬೈಬಲಿನ ಉತ್ತರ ಇದೆ ಎಂದೇ. ಯೋಬನ ಪುಸ್ತಕವಂತೂ ಇನ್ನೂ ಒಂದು ಹೆಜ್ಜೆ ಮುಂದೆ. 38ನೇ ಅಧ್ಯಾಯದಲ್ಲಿ ದೇವರು ಯೋಬನನ್ನು ಕೇಳುತ್ತಾನೆ, ಯಾರೂ ವಾಸವಿಲ್ಲದ ಕಾಡಿನ ಮೇಲೆ ಮಳೆ ಸುರಿಸುವವರು ಯಾರು ಅಂತ. ಒಬ್ಬನೇ ಒಬ್ಬ ಮನುಷ್ಯನಿಗೂ ಉಪಯೋಗವಿಲ್ಲದ ಮಳೆ, ಆದರೂ ದೇವರಿಗೆ ಅದು ವ್ಯರ್ಥವಲ್ಲ.

"ಹೇಗೂ ಕೊನೆಗೆ ಭೂಮಿ ಸುಟ್ಟುಹೋಗುತ್ತೆ, ನಾವು ಪರಲೋಕಕ್ಕೆ ಹೋಗುತ್ತೇವೆ, ಇದನ್ನೆಲ್ಲ ಯಾಕೆ ಕಾಯಬೇಕು" ಎನ್ನುವವರೂ ನಮ್ಮಲ್ಲಿದ್ದಾರೆ. 2 ಪೇತ್ರನ ಮೂರನೇ ಅಧ್ಯಾಯ ತೋರಿಸುತ್ತಾರೆ. ಅದೇ ಅಧ್ಯಾಯ ನೂತನ ಆಕಾಶ, ನೂತನ ಭೂಮಿಯ ನಿರೀಕ್ಷೆಯಲ್ಲಿ ಮುಗಿಯುತ್ತದೆ. ಪ್ರಕಟನೆಯ ಕಡೆಯ ಅಧ್ಯಾಯಗಳಲ್ಲಿ ಪಟ್ಟಣ ಮೇಲಿನಿಂದ ಕೆಳಗೆ ಇಳಿದು ಬರುತ್ತದೆ, ಅಲ್ಲೊಂದು ಹೊಳೆ, ದಡದಲ್ಲಿ ಜೀವವೃಕ್ಷ. ತೋಟದಿಂದ ಶುರುವಾದ ಗ್ರಂಥ ಮರವಿರುವ ಊರಿನಲ್ಲಿ ಮುಗಿಯುತ್ತದೆ.

ಸುವಾರ್ತೆ ಸಾರುವುದೇ ಮನುಷ್ಯನ ಏಕೈಕ ಉದ್ದೇಶ ಎಂದು ಹೇಳುವ ಸಭೆಗಳೂ ಇವೆ. ಮತ್ತಾಯ 28ರಲ್ಲಿ ಯೇಸು ಶಿಷ್ಯರಿಗೆ ಆ ಆಜ್ಞೆ ಕೊಟ್ಟದ್ದು ಹೌದು, ಸಭೆ ಅದನ್ನು ಬಿಡಲಾಗದು. ಆದರೆ ಅದು ಬಂದಿತು ಅಂತ ಮೊದಲಿನ ಕೆಲಸ ರದ್ದಾಗಲಿಲ್ಲ. ಯೇಸುವೇ ಸಾರಲು ಹೊರಟಾಗ ಸುಮಾರು 30 ವರ್ಷ ಎಂದು ಲೂಕ ಬರೆಯುತ್ತಾನೆ. ಅಲ್ಲಿವರೆಗೆ ನಜರೇತಿನಲ್ಲಿ ಬಡಗಿ. ಬದುಕಿನ ಹೆಚ್ಚಿನ ಭಾಗ ಯಾವ ಪ್ರಸಂಗವೂ ಇಲ್ಲದೆ, ಯಾವ ಅದ್ಭುತವೂ ಇಲ್ಲದೆ ಕಳೆಯಿತು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ಅದೃಶ್ಯನಾದ ದೇವರ ಪ್ರತಿರೂಪ ಎನ್ನುವುದು ಆ ಬಡಗಿಯನ್ನೇ. ನಮ್ಮಲ್ಲಿ ಮಾಸಿಹೋದ ಸ್ವರೂಪ ಹೇಗಿರಬೇಕಿತ್ತು ಅಂತ ನೋಡಬೇಕಾದರೆ ಕ್ರೈಸ್ತರು ಅವನನ್ನು ನೋಡುತ್ತಾರೆ. ಕಡೆಯ ರಾತ್ರಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು ಅವನ ದೊರೆತನ.

ಹಿಂದಿನವರು ಇದನ್ನೆಲ್ಲ ಒಂದೆರಡು ವಾಕ್ಯದಲ್ಲಿ ಹಿಡಿದಿಟ್ಟಿದ್ದಾರೆ. 1647ರಲ್ಲಿ ಲಂಡನ್ನಿನಲ್ಲಿ ಬೋಧಕರ ಸಭೆಯೊಂದು ಸಿದ್ಧಪಡಿಸಿದ ಪ್ರಶ್ನೋತ್ತರದ ಮೊದಲ ಪ್ರಶ್ನೆಯೇ ಮನುಷ್ಯನ ಮುಖ್ಯ ಗುರಿ ಏನು ಎಂಬುದು. ಉತ್ತರ: ದೇವರನ್ನು ಮಹಿಮೆಪಡಿಸಿ, ಎಂದೆಂದಿಗೂ ಅವನಲ್ಲಿ ಆನಂದಿಸುವುದು. ನಮ್ಮವರು ಮೊದಲರ್ಧವನ್ನು ಚೆನ್ನಾಗಿ ಬಾಯಿಪಾಠ ಮಾಡುತ್ತಾರೆ, ಆನಂದಿಸುವುದು ಮರೆತೇಹೋಗುತ್ತದೆ. ಕ್ಯಾಥೊಲಿಕರಲ್ಲಿ ಲೊಯೋಲದ ಸಂತ ಇಗ್ನೇಷಿಯಸ್ ಹೇಳಿದ್ದು, ಮನುಷ್ಯ ದೇವರನ್ನು ಸ್ತುತಿಸಿ, ಗೌರವಿಸಿ, ಸೇವಿಸಲು ಸೃಷ್ಟಿಯಾದವನು ಅಂತ. ಅದು ಬರೀ ಮಾತಾಗಿ ಉಳಿಯದಿದ್ದಕ್ಕೆ ನಿಮ್ಮ ಹತ್ತಿರದ ಮಂಗಳೂರಿನಲ್ಲೇ ಸಾಕ್ಷಿ ಇದೆ. ಇಗ್ನೇಷಿಯಸರ ಪಂಥದವರಾದ ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡರೋಗಿಗಳಿಗೆ ಹೋಮಿಯೋಪತಿ ಮದ್ದು ಕೊಡತೊಡಗಿದರು, ಆಮೇಲೆ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. ನಿಮ್ಮ ಸಭೆಯ ಹಿರಿಯರು ಬಾಸೆಲ್ ಮಿಶನ್ ಕಡೆಯವರಾದರೆ ಇನ್ನೊಂದು ಕಥೆ ನಿಮಗೆ ಗೊತ್ತಿರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್, ಸಭೆ ಸೇರಿದವರು ನೆಂಟರು, ಜಮೀನು, ಕಸುಬು ಎಲ್ಲ ಕಳೆದುಕೊಂಡು ನಿಂತಾಗ, ಬರೀ ಪ್ರಾರ್ಥಿಸಿ ಕಳಿಸಲಿಲ್ಲ. ಮಗ್ಗ ಹಾಕಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಣ್ಣು ಕಲಸುವ ಕೆಲಸವೂ ದೇವರ ಮುಂದಿನ ಕೆಲಸ ಎಂದು ಅವರು ನಂಬಿದ್ದರು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಮತ್ತಾಯ 25ರ ಕೊನೆಯ ಭಾಗ ನಿಮಗೆ ಗೊತ್ತು. ಹಸಿದವರಿಗೆ ಊಟ ಕೊಟ್ಟವರನ್ನು, ರೋಗಿಯನ್ನು ನೋಡಲು ಹೋದವರನ್ನು ಅರಸನು ಹೊಗಳುತ್ತಾನೆ. ಅವರ ಉತ್ತರ ನೋಡಿ: ಸ್ವಾಮೀ, ನಾವು ಯಾವಾಗ ನಿನ್ನನ್ನು ಹಸಿದವನಾಗಿ ಕಂಡೆವು? ಅವರಿಗೆ ಗೊತ್ತೇ ಇರಲಿಲ್ಲ! ತಮ್ಮ ಬದುಕಿನ ಉದ್ದೇಶ ನೆರವೇರುತ್ತಿದೆ ಎಂಬ ಅರಿವೇ ಇಲ್ಲದೆ ಅದನ್ನು ನೆರವೇರಿಸಿದವರು. "ನನಗೆ ಇವತ್ತಿಗೂ ಕಂಡಿಲ್ಲ" ಎಂದು ನೀವು ಬರೆದಿರಿ. ಅವರಿಗೂ ಕಂಡಿರಲಿಲ್ಲ. ಅಷ್ಟು ವರ್ಷ ನೀವು ಅ ಆ ಇ ಈ ಕಲಿಸಿದ ಮಕ್ಕಳೆಲ್ಲ ಈಗ ಎಲ್ಲೆಲ್ಲಿ ಏನೇನು ಓದುತ್ತಿದ್ದಾರೋ, ನಿಮಗೆ ಹೇಗೆ ಕಾಣಬೇಕು?

ಹಾಗಂತ ಹಿಂದಿನದನ್ನೇ ನೆನೆಯುತ್ತಾ ಕೂರಿ ಎನ್ನುವುದಿಲ್ಲ. ನೀತಿವಂತರು ಮುಪ್ಪಿನಲ್ಲಿಯೂ ಫಲ ಕೊಡುತ್ತಾರೆ ಎಂದು ಕೀರ್ತನೆ 92ರಲ್ಲಿದೆ. ಲೂಕ 2ರ ಅನ್ನಳು ತುಂಬಾ ವಯಸ್ಸಾದ ವಿಧವೆ. ದೇವಾಲಯಕ್ಕೆ ಬಂದ ಒಂದು ಬಡ ಸಂಸಾರದ ಕೂಸನ್ನು, ಯೇಸುವನ್ನು, ಅಲ್ಲಿದ್ದ ಯಾಜಕರು ಗಮನಿಸಿದರು ಅಂತ ಲೂಕ ಎಲ್ಲೂ ಬರೆದಿಲ್ಲ. ಈ ಅಜ್ಜಿ ಗುರುತು ಹಿಡಿದಳು, ದೇವರಿಗೆ ಸ್ತೋತ್ರ ಮಾಡಿದಳು, ಕಾದಿದ್ದವರಿಗೆಲ್ಲ ಹೇಳಿದಳು. ಅಷ್ಟೇ ಅವಳ ಕಥೆ, ಮೂರು ವಚನ.

ನಿಮ್ಮ ಸಭೆಯಲ್ಲೂ ಸುಗ್ಗಿಯ ಆರಾಧನೆ ಮುಗಿದ ಮೇಲೆ ಹರಾಜು ಇರುತ್ತದಲ್ವಾ? ಯಾರೋ ತಂದ ಕುಂಬಳಕಾಯಿಯನ್ನು ಇನ್ಯಾರೋ ಸಂತೆಯ ಬೆಲೆಯ ಹತ್ತು ಪಟ್ಟಿಗೆ ಕೂಗುತ್ತಾರೆ, ದುಡ್ಡು ಕೊಟ್ಟು ಕಾಯಿಯನ್ನು ವಾಪಸ್ ಮೇಜಿನ ಮೇಲಿಡುತ್ತಾರೆ, ಮತ್ತೆ ಹರಾಜು. ಹೊರಗಿನವರಿಗೆ ಹುಚ್ಚು ಅನಿಸಬಹುದು. ಸೃಷ್ಟಿಯಲ್ಲಿ ಮನುಷ್ಯನ ಕೆಲಸ ಸುಮಾರಾಗಿ ಹೀಗೇ ಇದೆ ಅಂತ ನನಗನಿಸುತ್ತದೆ. ದೇವರು ಕೊಟ್ಟದ್ದನ್ನು ಕೈಯಾರೆ ತೆಗೆದುಕೊಂಡು, ಸಂತೋಷದಿಂದ ಅವನಿಗೇ ಹಿಂದಿರುಗಿಸಿ, ನಡುವೆ ನಾಲ್ಕು ಜನರ ಹೊಟ್ಟೆ ತುಂಬುವಂತೆ ನೋಡಿಕೊಳ್ಳುವುದು. ಕಾಯಿ ದೊಡ್ಡದೋ ಚಿಕ್ಕದೋ ಯಾರೂ ಕೇಳುವುದಿಲ್ಲ.

ಸಂಡೇ ಸ್ಕೂಲಿಗೆ ಹೋಗಲು ಆಗದಿದ್ದರೆ ಇಬ್ಬರು ಮೂವರು ಮಕ್ಕಳನ್ನು ನಿಮ್ಮ ಜಗಲಿಗೆ ಕಳಿಸಲು ಸಭಾಪಾಲಕರಿಗೆ ಹೇಳಿ. ಅದೂ ಆಗದಿದ್ದರೆ ಬಿಡಿ, ಊರಿನವರ ಹೆಸರು ಹಿಡಿದು ಪ್ರಾರ್ಥಿಸಿ. ಬಾಬೆಲಿನ ಸೆರೆಯವರಿಗೂ ಅದನ್ನೇ ಹೇಳಿದ್ದು. ಮಂಡಿಗೆ ಒಬ್ಬ ಮೂಳೆ ಡಾಕ್ಟರನ್ನು ನೋಡಿ, ದೇವರ ಚಿತ್ತ ಅಂತ ನೋವು ನುಂಗಿಕೊಂಡು ಕೂರಬೇಡಿ. ಆ ಮಂಡಿಯೂ ತೋಟದ ಒಂದು ಭಾಗ, ಅದನ್ನು ಕಾಯುವ ಕೆಲಸ ನಿಮ್ಮದೇ. ಮೊಮ್ಮಗ ಮುಂದಿನ ಸಲ ಬಂದಾಗ ಕೀರ್ತನೆ 104ನ್ನು ಅವನ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ವಾದ ನಿಲ್ಲಿಸುತ್ತಾನೆ ಅಂತ ನಾನು ಹೇಳುವುದಿಲ್ಲ, ಪಿಯುಸಿ ಹುಡುಗರು ನಿಲ್ಲಿಸುವುದಿಲ್ಲ. ಆದರೆ ಅಂಗಳದಲ್ಲಿ ಒಂದು ಗಿಡ ನೆಡಲು ನಿಮಗೆ ಬಗ್ಗಲು ಆಗುವುದಿಲ್ಲ, ಅವನಿಗೆ ಆಗುತ್ತದೆ. ಜಾಗ ನೀವು ತೋರಿಸಿ, ಗುಂಡಿ ಅವನು ತೋಡಲಿ.